ಪ್ರಶ್ನೆ ಬರೆಯುವವರೂ ಮಕ್ಕಳೇ: ಆರೋಗ್ಯ ಸಂಶೋಧನೆಯಲ್ಲಿ ಹದಿಹರೆಯದವರು ಪಾಲುದಾರರಾದರೆ ಏನು ಬದಲಾಗುತ್ತದೆ?

ಶಾಲೆಯ ಡೈರಿಯೊಳಗೆ ಮಡಚಿಟ್ಟ ಒಂದು ಪತ್ರ ಮನೆಗೆ ಬರುತ್ತದೆ. ರಕ್ತಹೀನತೆ, ನಿದ್ದೆ, ಮೊಬೈಲ್ ಬಳಕೆ, ಮಾನಸಿಕ ಒತ್ತಡ, ಹೀಗೆ ಯಾವುದೋ ಒಂದು ವಿಷಯದ ಬಗ್ಗೆ ಅಧ್ಯಯನ ನಡೆಯುತ್ತಿದೆ. ನಿಮ್ಮ ಮಗ ಅಥವಾ ಮಗಳು ಅದರಲ್ಲಿ ಭಾಗವಹಿಸಲು ಒಪ್ಪಿಗೆ ಇದೆಯೇ ಎಂದು ಅದರಲ್ಲಿ ಕೇಳಿರುತ್ತಾರೆ. ಅಪ್ಪನೋ ಅಮ್ಮನೋ ಅವಸರದಲ್ಲೇ ಸಹಿ ಹಾಕುತ್ತಾರೆ, ಪತ್ರ ಮರುದಿನ ಶಾಲೆಗೆ ವಾಪಸ್ ಹೋಗುತ್ತದೆ. ಯಾರ ರಕ್ತ ತೆಗೆಯಬೇಕೋ, ಯಾರ ಮನಸ್ಸಿನ ಬಗ್ಗೆ ಪ್ರಶ್ನೆ ಕೇಳಬೇಕೋ ಆ 14 ವರ್ಷದ ಹುಡುಗಿಯನ್ನು ಮಾತ್ರ ಬಹಳಷ್ಟು ಸಲ ಯಾರೂ ಏನೂ ಕೇಳಿರುವುದಿಲ್ಲ.

ಈ ಪದ್ಧತಿ ಬದಲಾಗಬೇಕು ಎಂಬ ಮಾತು ಈಗ ವೈದ್ಯಕೀಯ ಲೋಕದೊಳಗಿನಿಂದಲೇ ಕೇಳಿಬರುತ್ತಿದೆ. ಹದಿಹರೆಯದವರನ್ನು ಕೇವಲ ಮಾಹಿತಿ ಕೊಡುವವರನ್ನಾಗಿ ನೋಡದೆ, ಸಂಶೋಧನೆಯ ಪಾಲುದಾರರನ್ನಾಗಿ ಸೇರಿಸಿಕೊಳ್ಳಬೇಕು ಎಂಬುದು ಆ ವಾದ. ಕೇಳಲು ಚೆನ್ನಾಗಿದೆ. ಆದರೆ ಇದರ ಅರ್ಥವೇನು? ಎಲ್ಲಾದರೂ ನಡೆದಿದೆಯೇ? ಶಾಲೆಗೆ ಹೋಗುವ ಮಕ್ಕಳು ವಿಜ್ಞಾನಿಗಳಿಗೆ ಏನು ಹೇಳಿಕೊಡಬಲ್ಲರು? ಇಲ್ಲಿದೆ ವಿವರ.

ಯಾಕೆ ಈ ಚರ್ಚೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದೊಳಗಿನವರು ಹದಿಹರೆಯದವರು. 2011ರ ಜನಗಣತಿ ಪ್ರಕಾರ ಭಾರತದಲ್ಲಿ ಈ ವಯಸ್ಸಿನವರ ಸಂಖ್ಯೆ ಸುಮಾರು 25.3 ಕೋಟಿ. ಅಂದರೆ ಐವರು ಭಾರತೀಯರಲ್ಲಿ ಒಬ್ಬರು. ಇಷ್ಟು ದೊಡ್ಡ ಸಮೂಹಕ್ಕಾಗಿಯೇ ಕೇಂದ್ರ ಸರ್ಕಾರ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿರುವ 'ಸ್ನೇಹ ಕ್ಲಿನಿಕ್'ಗಳು ಇದೇ ಕಾರ್ಯಕ್ರಮದ ಭಾಗ.

ಆದರೆ ಯೋಜನೆ ಇದ್ದ ಮಾತ್ರಕ್ಕೆ ಮಕ್ಕಳು ಬಾಗಿಲು ತಟ್ಟುತ್ತಾರೆ ಎಂದೇನಿಲ್ಲ. ಕ್ಲಿನಿಕ್‌ನ ಬೋರ್ಡ್ ನೋಡಿದರೆ ಊರವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ, ಒಳಗೆ ಹೇಳಿದ್ದು ಮನೆಗೆ ತಲುಪುತ್ತದೆಯೇ ಎಂಬ ಅನುಮಾನ, ಟ್ಯೂಷನ್ ಮುಗಿಯುವಷ್ಟರಲ್ಲಿ ಕ್ಲಿನಿಕ್ ಬಾಗಿಲು ಹಾಕಿರುವುದು: ಇವೆಲ್ಲ ದೊಡ್ಡವರ ಕಣ್ಣಿಗೆ ಬೀಳದ ಅಡ್ಡಿಗಳು. ಮಕ್ಕಳಿಗೆ ಇವು ಮೊದಲ ದಿನವೇ ಗೊತ್ತಿರುತ್ತವೆ. ಸಂಶೋಧನೆಯ ಯೋಜನೆ ಬರೆಯುವ ಹಂತದಲ್ಲೇ ಅವರು ಮೇಜಿನ ಸುತ್ತ ಕೂತಿದ್ದರೆ, ಲಕ್ಷಾಂತರ ರೂಪಾಯಿ ಖರ್ಚಾದ ಮೇಲೆ ತಿಳಿಯುವ ಸಂಗತಿ ಆರಂಭದಲ್ಲೇ ತಿಳಿಯುತ್ತದೆ.

ಇನ್ನೊಂದು ಕಾರಣ ಹಕ್ಕಿನದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ, ಅವರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಭಾರತ ಇದನ್ನು ಒಪ್ಪಿಕೊಂಡಿದ್ದು 1992ರಲ್ಲಿ.

ಭಾಗವಹಿಸುವುದು ಬೇರೆ, ಪಾಲುದಾರರಾಗುವುದು ಬೇರೆ

ಈ ವ್ಯತ್ಯಾಸ ಅರ್ಥವಾದರೆ ಅರ್ಧ ವಿಷಯ ಅರ್ಥವಾದಂತೆ. ಪ್ರಶ್ನಾವಳಿಗೆ ಉತ್ತರ ಬರೆಯುವ, ತೂಕ ನೋಡಿಸಿಕೊಳ್ಳುವ, ಲಸಿಕೆ ಹಾಕಿಸಿಕೊಳ್ಳುವ ವಿದ್ಯಾರ್ಥಿ ಸಂಶೋಧನೆಯಲ್ಲಿ ಭಾಗವಹಿಸುತ್ತಿದ್ದಾನೆ. ಆ ಪ್ರಶ್ನಾವಳಿಯಲ್ಲಿ ಏನಿರಬೇಕು, ಯಾವ ಪದ ಬಳಸಬೇಕು, ಉತ್ತರ ಯಾರು ನೋಡಬಹುದು, ಬಂದ ಫಲಿತಾಂಶದ ಅರ್ಥವೇನು ಎಂದು ನಿರ್ಧರಿಸುವಲ್ಲಿ ಅವನ ಮಾತಿಗೂ ಸ್ಥಾನವಿದ್ದರೆ ಆಗ ಅವನು ಪಾಲುದಾರ.

ಅಮೆರಿಕದ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಇದನ್ನು 8 ಮೆಟ್ಟಿಲುಗಳ ಏಣಿಯ ಮೂಲಕ ವಿವರಿಸಿದ್ದರು. ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ಮಕ್ಕಳು ಇರುತ್ತಾರೆ, ಆದರೆ ಅವರ ಮಾತಿಗೆ ಬೆಲೆ ಇರುವುದಿಲ್ಲ: ದೊಡ್ಡವರು ಹೇಳಿಕೊಟ್ಟಿದ್ದನ್ನು ಒಪ್ಪಿಸುವುದು, ವೇದಿಕೆಯ ಅಲಂಕಾರಕ್ಕೆ ನಿಲ್ಲುವುದು, ಹೆಸರಿಗೆ ಮಾತ್ರ ಸಮಿತಿಯಲ್ಲಿ ಕೂರುವುದು. ಮೇಲೆ ಹೋದಂತೆ ಮಾಹಿತಿ ಕೊಟ್ಟು ಅಭಿಪ್ರಾಯ ಕೇಳುವುದು, ಜೊತೆಯಾಗಿ ನಿರ್ಧರಿಸುವುದು, ಕೊನೆಗೆ ಮಕ್ಕಳೇ ಆರಂಭಿಸಿದ ಕೆಲಸದಲ್ಲಿ ದೊಡ್ಡವರನ್ನು ಸೇರಿಸಿಕೊಳ್ಳುವುದು ಬರುತ್ತವೆ. ಮಕ್ಕಳ ದಿನಾಚರಣೆಯಂದು ಮಂತ್ರಿಗಳ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಂತ ಮಕ್ಕಳನ್ನು ನೆನಪಿಸಿಕೊಂಡರೆ ಕೆಳಗಿನ ಮೆಟ್ಟಿಲು ಯಾವುದೆಂದು ಬೇರೆ ಹೇಳಬೇಕಿಲ್ಲ.

ಖಮ್ಮಂ ಮತ್ತು ವಡೋದರಾ ಕಲಿಸಿದ ಪಾಠ

ಮಕ್ಕಳನ್ನೂ ಪೋಷಕರನ್ನೂ ಪಕ್ಕಕ್ಕಿಟ್ಟು ಸಂಶೋಧನೆ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ (ಈಗ ತೆಲಂಗಾಣ) ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಅಂತಾರಾಷ್ಟ್ರೀಯ ಸಂಸ್ಥೆ 'ಪಾಥ್', ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳು ಇದರಲ್ಲಿದ್ದವು. ಲಸಿಕೆ ಪಡೆದವರು 10ರಿಂದ 14 ವರ್ಷದ ಸಾವಿರಾರು ಹುಡುಗಿಯರು. ಅವರಲ್ಲಿ ಅನೇಕರು ಆದಿವಾಸಿ ಕುಟುಂಬಗಳವರು, ಆಶ್ರಮ ಶಾಲೆಗಳ ಹಾಸ್ಟೆಲ್‌ನಲ್ಲಿ ಓದುತ್ತಿದ್ದವರು.

ಯೋಜನೆಯ ಅವಧಿಯಲ್ಲಿ 7 ಹುಡುಗಿಯರು ಸಾವನ್ನಪ್ಪಿದ ವರದಿಗಳು ಬಂದ ಬಳಿಕ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿರುವ ಸಾಧ್ಯತೆ ಕಡಿಮೆ ಎಂದು ತನಿಖೆ ಹೇಳಿತು. ಎಚ್‌ಪಿವಿ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಶಿಫಾರಸು ಮಾಡುತ್ತದೆ. ಹಾಗಾಗಿ ಇಲ್ಲಿ ಪ್ರಶ್ನೆ ಲಸಿಕೆಯದ್ದಲ್ಲ, ಒಪ್ಪಿಗೆ ಪಡೆದ ರೀತಿಯದ್ದು.

2013ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿ ಸಲ್ಲಿಸಿದ ವರದಿಯಲ್ಲಿ ಆ ವಿವರಗಳಿವೆ. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದು ಅಪ್ಪ, ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. 1,948 ಪತ್ರಗಳಲ್ಲಿ ಇದ್ದದ್ದು ಬರೀ ಹೆಬ್ಬೆಟ್ಟಿನ ಗುರುತು. ಪೋಷಕರಿಗೇ ತಿಳಿಯದ ವಿಷಯವನ್ನು ಆ ಹುಡುಗಿಯರಿಗೆ ಯಾರು ವಿವರಿಸಿರಲು ಸಾಧ್ಯ? ನಂಬಿಕೆ ಒಮ್ಮೆ ಮುರಿದರೆ ಒಳ್ಳೆಯ ಲಸಿಕೆಯ ಮೇಲೂ ಅನುಮಾನ ಅಂಟಿಕೊಳ್ಳುತ್ತದೆ. ಭಾರತದಲ್ಲಿ ಎಚ್‌ಪಿವಿ ಲಸಿಕೆಯ ಸುತ್ತ ವರ್ಷಗಟ್ಟಲೆ ಉಳಿದ ಹಿಂಜರಿಕೆಗೆ ಈ ಪ್ರಕರಣವೂ ಒಂದು ಕಾರಣ.

ನಿಯಮ ಏನು ಹೇಳುತ್ತದೆ?

ಐಸಿಎಂಆರ್ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಗಳ ಪ್ರಕಾರ 18 ವರ್ಷದೊಳಗಿನವರ ಮೇಲಿನ ಸಂಶೋಧನೆಗೆ ಪೋಷಕರ ಒಪ್ಪಿಗೆ ಬೇಕು. ಜೊತೆಗೆ 7 ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. 7ರಿಂದ 12 ವರ್ಷದವರಿಗೆ ಬಾಯಿಮಾತಿನ ಸಮ್ಮತಿ ಸಾಕು. 12ರಿಂದ 18 ವರ್ಷದವರಿಂದ ಲಿಖಿತ ಸಮ್ಮತಿ ಪಡೆಯಬೇಕು. ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ವಿವರಿಸಿರಬೇಕು. ಮಗು ಬೇಡ ಎಂದರೆ ಅದನ್ನು ಗೌರವಿಸಬೇಕು.

ಅಂದರೆ ಅಪ್ಪ, ಅಮ್ಮ ಸಹಿ ಹಾಕಿದ ಮಾತ್ರಕ್ಕೆ 14ರ ಹುಡುಗಿ ಅಧ್ಯಯನಕ್ಕೆ ಸೇರಿದಂತಲ್ಲ. ಅವಳ ಸಹಿಯೂ ಇರಬೇಕು. ಆದರೆ ಸಮ್ಮತಿ ಎಂಬುದು ಆಗಲೇ ತಯಾರಾದ ಯೋಜನೆಗೆ ಹೂಂ ಅಥವಾ ಉಹೂಂ ಎನ್ನುವ ಅವಕಾಶ ಅಷ್ಟೇ. ಯೋಜನೆಯನ್ನು ಬದಲಾಯಿಸುವ ಅವಕಾಶ ಪಾಲುದಾರಿಕೆಯಲ್ಲಿ ಮಾತ್ರ ಇದೆ.

ದೆಹಲಿ ಶಾಲೆಗಳ 'ಟೆನ್ಷನ್'

ಮಕ್ಕಳ ಮಾತು ಸಂಶೋಧನೆಯ ದಿಕ್ಕನ್ನೇ ರೂಪಿಸಿದ್ದಕ್ಕೆ ಭಾರತದಲ್ಲಿ ಒಳ್ಳೆಯ ಉದಾಹರಣೆ 'ಪ್ರೈಡ್' ಯೋಜನೆ. ಗೋವಾ ಮೂಲದ 'ಸಂಗತ್' ಸಂಸ್ಥೆ, ಮನೋವೈದ್ಯ ವಿಕ್ರಮ್ ಪಟೇಲ್ ನೇತೃತ್ವದಲ್ಲಿ, ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ನೆರವಿನಿಂದ ದೆಹಲಿ ಮತ್ತು ಗೋವಾದ ಶಾಲೆಗಳಲ್ಲಿ ಇದನ್ನು ನಡೆಸಿತು. ಪ್ರೌಢಶಾಲಾ ಮಕ್ಕಳ ಮಾನಸಿಕ ಸಮಸ್ಯೆಗಳಿಗೆ ಶಾಲೆಯಲ್ಲೇ ನೆರವು ಕೊಡುವುದು ಹೇಗೆ ಎಂಬುದು ಅದರ ಮುಂದಿದ್ದ ಪ್ರಶ್ನೆ.

ಸಂಶೋಧಕರು ಮೊದಲು ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರ ಜೊತೆ ಮಾತಿಗೆ ಕೂತರು. ಮಕ್ಕಳು 'ಖಿನ್ನತೆ', 'ಆತಂಕದ ಕಾಯಿಲೆ' ಎಂಬ ವೈದ್ಯರ ಪದಗಳಲ್ಲಿ ತಮ್ಮ ಕಷ್ಟ ಹೇಳಲಿಲ್ಲ. ಅವರ ಬಾಯಲ್ಲಿ ಬಂದದ್ದು 'ಟೆನ್ಷನ್'. ಓದಿನ ಒತ್ತಡ, ಮನೆಯ ಜಗಳ, ಗೆಳೆತನದ ಬಿರುಕು ಎಲ್ಲವೂ ಆ ಒಂದು ಪದದೊಳಗೆ ಇದ್ದವು. ಹೇಳಿದ್ದು ಗುಟ್ಟಾಗಿ ಉಳಿಯಬೇಕು ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು.

ಇದರ ಪರಿಣಾಮ ಕಾರ್ಯಕ್ರಮದ ರೂಪದಲ್ಲೇ ಕಾಣುತ್ತದೆ. ಕಾಯಿಲೆಯ ಹೆಸರು ಹುಡುಕುವ ಬದಲು, ವಿದ್ಯಾರ್ಥಿ ತಾನೇ ಆರಿಸಿಕೊಂಡ ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸುವ ವಿಧಾನವನ್ನು ರೂಪಿಸಲಾಯಿತು. ಸಮಸ್ಯೆ ಗುರುತಿಸು, ದಾರಿಗಳನ್ನು ಯೋಚಿಸು, ಒಂದನ್ನು ಮಾಡಿ ನೋಡು ಎಂಬ ಮೂರು ಹಂತಗಳು. ಮನೋವೈದ್ಯರಲ್ಲದ, ಆದರೆ ತರಬೇತಿ ಪಡೆದ ಆಪ್ತ ಸಲಹೆಗಾರರು ಮೂರು ವಾರಗಳಲ್ಲಿ ಕೆಲವೇ ಚಿಕ್ಕ ಭೇಟಿಗಳಲ್ಲಿ ಇದನ್ನು ಕಲಿಸುತ್ತಿದ್ದರು. ಜೊತೆಗೆ ಕಾಮಿಕ್ಸ್ ಮಾದರಿಯ ಪುಸ್ತಿಕೆಗಳಿದ್ದವು.

ಮುಂದೆ ಇದೇ ವಿಧಾನವನ್ನು 'ಪಾಡ್ ಅಡ್ವೆಂಚರ್ಸ್' ಎಂಬ ಮೊಬೈಲ್ ಆಟವಾಗಿ ಬೆಳೆಸಿದಾಗ ವಿದ್ಯಾರ್ಥಿಗಳು ವಿನ್ಯಾಸದ ಕಾರ್ಯಾಗಾರಗಳಲ್ಲೇ ಕೂತರು. ಮಾದರಿಗಳನ್ನು ಆಡಿ ನೋಡಿ, ಎಲ್ಲಿ ಬೇಜಾರಾಗುತ್ತದೆ, ಎಲ್ಲಿ ಅರ್ಥವಾಗುವುದಿಲ್ಲ ಎಂದು ಹೇಳಿದರು. ಆಟದಲ್ಲಿ ಮೊದಲು ತಮ್ಮಂಥದೇ ಪಾತ್ರಗಳ ಸಮಸ್ಯೆ ಬಿಡಿಸಬೇಕು, ಆಮೇಲೆ ತಮ್ಮದು.

ಫಲಿತಾಂಶ? ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬರೀ ಪುಸ್ತಿಕೆ ಪಡೆದವರಿಗಿಂತ ಸಲಹೆಗಾರರನ್ನು ಭೇಟಿಯಾದ ವಿದ್ಯಾರ್ಥಿಗಳ ಸಮಸ್ಯೆಯ ತೀವ್ರತೆ ಹೆಚ್ಚು ತಗ್ಗಿತ್ತು. ಆದರೆ ಮಾನಸಿಕ ರೋಗಲಕ್ಷಣಗಳ ಅಳತೆಗೋಲಿನಲ್ಲಿ ಎರಡೂ ಗುಂಪುಗಳ ನಡುವೆ ಆರು ವಾರಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಮಕ್ಕಳನ್ನು ಜೊತೆಗೆ ಸೇರಿಸಿಕೊಂಡರೆ ಪ್ರತಿ ಪ್ರಯೋಗವೂ ಗೆಲ್ಲುತ್ತದೆ ಎಂದಲ್ಲ. ಆದರೆ ಮಕ್ಕಳು ತಮ್ಮದೇ ಮಾತಿನಲ್ಲಿ ಹೇಳಿದ ಸಮಸ್ಯೆಯನ್ನೂ ಅಳೆಯದೇ ಇದ್ದಿದ್ದರೆ, ಅವರಿಗೆ ಆದ ಪ್ರಯೋಜನ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಬಿಹಾರದ ಪೆಟ್ಟಿಗೆ, ಪುಣೆಯ ಪ್ರಶ್ನೆ

ಬಿಹಾರದ ನಳಂದಾ ಜಿಲ್ಲೆಯ 70ಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ನಡೆದ 'ಸೆಹೆರ್' ಅಧ್ಯಯನದ ಒಂದು ಭಾಗ ಬಹಳ ಸರಳವಾಗಿತ್ತು. ಶಾಲೆಯಲ್ಲಿ ಒಂದು ಪೆಟ್ಟಿಗೆ ಇಡುವುದು, ವಿದ್ಯಾರ್ಥಿಗಳು ಹೆಸರು ಬರೆಯದೆ ತಮ್ಮ ದೂರು, ಸಲಹೆಗಳನ್ನು ಚೀಟಿಯಲ್ಲಿ ಹಾಕುವುದು. ಗೋಡೆಪತ್ರಿಕೆ, ಮಕ್ಕಳ ಪ್ರತಿನಿಧಿಗಳಿದ್ದ ಆರೋಗ್ಯ ಸಮಿತಿಯೂ ಇದ್ದವು. ಕೆಲವು ಶಾಲೆಗಳಲ್ಲಿ ಶಿಕ್ಷಕರು, ಇನ್ನು ಕೆಲವು ಶಾಲೆಗಳಲ್ಲಿ ಹೊರಗಿನಿಂದ ಬಂದ ತರಬೇತಾದ ಸಲಹೆಗಾರರು ಕಾರ್ಯಕ್ರಮ ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು. ಖಿನ್ನತೆ, ಪರಸ್ಪರ ಪೀಡನೆ ತಗ್ಗಿದವು. ಶಿಕ್ಷಕರೇ ನಡೆಸಿದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅದೇ ಕಾರ್ಯಕ್ರಮವಾದರೂ ಎದುರಿಗೆ ಯಾರು ಕೂತಿದ್ದಾರೆ ಎಂಬುದು ಮುಖ್ಯವಾಗುತ್ತದೆ.

ಪುಣೆಯ ಇಂಡಿಯನ್ ಲಾ ಸೊಸೈಟಿಯ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರ ಸೇರಿಕೊಂಡಿದ್ದ 'ಮೈಂಡ್‌ಕೈಂಡ್' ಅಧ್ಯಯನ ಮತ್ತೊಂದು ಬಗೆಯದು. ಭಾರತ, ದಕ್ಷಿಣ ಆಫ್ರಿಕಾ ಮತ್ತು ಬ್ರಿಟನ್ನಿನಲ್ಲಿ ನಡೆದ ಈ ಅಧ್ಯಯನದ ಗಮನ 16ರಿಂದ 24 ವರ್ಷದವರ ಮೇಲಿತ್ತು. ಮೊಬೈಲ್ ಮೂಲಕ ಸಂಗ್ರಹವಾಗುವ ಮಾನಸಿಕ ಆರೋಗ್ಯದ ಮಾಹಿತಿ ಯಾರ ಕೈಯಲ್ಲಿರಬೇಕು, ಅದನ್ನು ಬಳಸುವ ಷರತ್ತು ಏನು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಯುವ ಸಲಹೆಗಾರರು ಸಂಶೋಧನಾ ತಂಡದ ಭಾಗವಾಗಿಯೇ ಕೆಲಸ ಮಾಡಿದರು. ರಾತ್ರಿ ಹನ್ನೆರಡಕ್ಕೆ ತನ್ನ ಮನಸ್ಸಿನ ಸ್ಥಿತಿಯನ್ನು ಆ್ಯಪ್‌ನಲ್ಲಿ ಬರೆಯುವವರಿಗೆ ಆ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಬೇರೆ ಎಲ್ಲರಿಗಿಂತ ಹೆಚ್ಚು.

ಬ್ರಿಟನ್ನಿನಲ್ಲಿ ಮಕ್ಕಳು ಕೇಳಿದ ಮೊದಲ ಪ್ರಶ್ನೆ

ಬ್ರಿಟನ್ನಿನಲ್ಲಿ ಇದಕ್ಕೊಂದು ಕಾಯಂ ವ್ಯವಸ್ಥೆ ಇದೆ. 2006ರಲ್ಲಿ ಲಿವರ್‌ಪೂಲ್‌ನಲ್ಲಿ ಶುರುವಾದ ಯುವ ಸಲಹಾ ಗುಂಪಿನ ಮಾದರಿ ಈಗ ಹಲವು ನಗರಗಳಿಗೆ ಹಬ್ಬಿದೆ. ಸದಸ್ಯರು ಶಾಲಾ ವಯಸ್ಸಿನವರು. ಹೊಸ ಔಷಧಿ ಪರೀಕ್ಷೆಯ ಮಾಹಿತಿ ಪತ್ರ ಅರ್ಥವಾಗುತ್ತದೆಯೇ, ಆಸ್ಪತ್ರೆಗೆ ಎಷ್ಟು ಸಲ ಬರಬೇಕು, ಶಾಲೆ ತಪ್ಪುತ್ತದೆಯೇ, ಇಂಥ ಪ್ರಶ್ನೆಗಳನ್ನು ಅವರು ಸಂಶೋಧಕರಿಗೆ ಕೇಳುತ್ತಾರೆ.

ಕ್ಯಾನ್ಸರ್ ಪೀಡಿತ ಹದಿಹರೆಯದವರು ಮತ್ತು ಯುವಜನರ ವಿಚಾರದಲ್ಲಿ ಅಲ್ಲಿ ನಡೆದ ಇನ್ನೊಂದು ಪ್ರಯತ್ನ ಗಮನ ಸೆಳೆಯುತ್ತದೆ. 13ರಿಂದ 24 ವರ್ಷದ ರೋಗಿಗಳು, ಅವರ ಕುಟುಂಬದವರು, ವೈದ್ಯರು ಒಟ್ಟಾಗಿ, ಮುಂದೆ ಯಾವ ವಿಷಯಗಳ ಮೇಲೆ ಸಂಶೋಧನೆ ನಡೆಯಬೇಕು ಎಂಬ ಆದ್ಯತೆಯ ಪಟ್ಟಿ ತಯಾರಿಸಿದರು. ಪಟ್ಟಿಯ ಮೊದಲ ಸ್ಥಾನದಲ್ಲಿದ್ದದ್ದು ಹೊಸ ಔಷಧಿಯಲ್ಲ. ಚಿಕಿತ್ಸೆಯ ವೇಳೆ ಮತ್ತು ನಂತರ ಯಾವ ಬಗೆಯ ಮಾನಸಿಕ ಬೆಂಬಲ ನಿಜಕ್ಕೂ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ.

ಕುಂದಾಪುರಕ್ಕೆ ಇದು ಹೊಸದಲ್ಲ

ಮಕ್ಕಳೇ ಮಾಹಿತಿ ಕಲೆಹಾಕಿ ದೊಡ್ಡವರ ಮುಂದಿಡುವ ಪದ್ಧತಿ ಕರ್ನಾಟಕಕ್ಕೆ ವಿದೇಶದಿಂದ ಬರಬೇಕಾಗಿಲ್ಲ. ಬೆಂಗಳೂರಿನ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳು ಕಟ್ಟಿದ 'ಭೀಮ ಸಂಘ' ಮತ್ತು 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಳೆದ ಮಕ್ಕಳ ಪಂಚಾಯಿತಿಗಳು ಇದನ್ನು ಮಾಡಿ ತೋರಿಸಿವೆ. ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕು ಎಂಬಂಥ ಬೇಡಿಕೆಗಳನ್ನು ಮಕ್ಕಳೇ ಪಂಚಾಯಿತಿಯ ಮುಂದಿಟ್ಟರು. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಈ ಪ್ರಯೋಗಗಳ ಹಿನ್ನೆಲೆ ಇದೆ. ಅದೇ ಮಕ್ಕಳು ಆರೋಗ್ಯದ ಪ್ರಶ್ನೆಗಳನ್ನೂ ಕೇಳಬಲ್ಲರು.

ಎಲ್ಲಿ ಎಡವುತ್ತದೆ?

ಮೊದಲ ಅಪಾಯ, ತೋರಿಕೆ. ಅನುದಾನದ ಅರ್ಜಿಯಲ್ಲಿ ಚೆನ್ನಾಗಿ ಕಾಣಲಿ ಎಂದು ಇಬ್ಬರು ವಿದ್ಯಾರ್ಥಿಗಳ ಹೆಸರು ಸೇರಿಸಿ, ಎಲ್ಲ ನಿರ್ಧಾರ ಮುಗಿದ ಮೇಲೆ ಅವರನ್ನು ಕರೆದು ಫೋಟೊ ತೆಗೆದರೆ ಅದು ಹಾರ್ಟ್ ಹೇಳಿದ ಕೆಳಗಿನ ಮೆಟ್ಟಿಲು. ಮಕ್ಕಳು ಹೇಳಿದ ಯಾವುದನ್ನು ಒಪ್ಪಿದ್ದೇವೆ, ಯಾವುದನ್ನು ಒಪ್ಪಿಲ್ಲ, ಯಾಕೆ ಎಂದು ಅವರಿಗೆ ಮರಳಿ ತಿಳಿಸದಿದ್ದರೂ ಅಷ್ಟೇ.

ಎರಡನೆಯದು, ಯಾವ ಮಕ್ಕಳು ಎಂಬ ಪ್ರಶ್ನೆ. ಇಂಗ್ಲಿಷ್ ಚೆನ್ನಾಗಿ ಮಾತನಾಡುವ, ಸ್ವಂತ ಲ್ಯಾಪ್‌ಟಾಪ್ ಇರುವ ನಗರದ ವಿದ್ಯಾರ್ಥಿ ಸಲಹಾ ಗುಂಪಿಗೆ ಸುಲಭವಾಗಿ ಸಿಗುತ್ತಾನೆ. ಶಾಲೆ ಬಿಟ್ಟ ಹುಡುಗಿ, ಕಟ್ಟಡ ಕೆಲಸಕ್ಕೆ ಬಂದ ವಲಸಿಗರ ಮಗ, ಅಂಗವೈಕಲ್ಯ ಇರುವ ಮಗು ಸಿಗುವುದಿಲ್ಲ. ಅವರನ್ನು ಹುಡುಕಿಕೊಂಡು ಹೋಗಬೇಕು. ಬಸ್ ಚಾರ್ಜು, ಊಟ, ಸಮಯಕ್ಕೆ ಗೌರವಧನ ಕೊಡಬೇಕು. ಪರೀಕ್ಷೆಯ ತಿಂಗಳಲ್ಲಿ ಸಭೆ ಇಡಬಾರದು. ಇದಕ್ಕೆಲ್ಲ ಹಣ ಬೇಕು, ಅದನ್ನು ಬಜೆಟ್‌ನಲ್ಲಿ ಮೊದಲೇ ಸೇರಿಸಿರಬೇಕು.

ಮೂರನೆಯದು, ಕಾನೂನಿನ ಇಕ್ಕಟ್ಟು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ಸಿಕ್ಕವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟಾಗಿಡುತ್ತೇವೆ ಎಂದು ಭರವಸೆ ಕೊಟ್ಟು ಪ್ರಶ್ನೆ ಕೇಳುವ ಸಂಶೋಧಕ, ಆ ಭರವಸೆಗೆ ಮಿತಿ ಇದೆ ಎಂಬುದನ್ನೂ ಆರಂಭದಲ್ಲೇ ಹೇಳಬೇಕು. ಹೇಳಿದರೆ ಮಕ್ಕಳು ಬಾಯಿ ಬಿಡದಿರಬಹುದು. ಹೇಳದಿದ್ದರೆ ಅದು ಮೋಸ. ಈ ಗಂಟನ್ನು ಬಿಡಿಸುವ ಸುಲಭದ ದಾರಿ ಇಲ್ಲ.

ನಾಲ್ಕನೆಯದು, ಹೊರೆ. ತನ್ನ ಕಾಯಿಲೆಯ, ತನ್ನ ನೋವಿನ ಕಥೆಯನ್ನು ಸಭೆಯಿಂದ ಸಭೆಗೆ ಹೇಳುವುದು 15 ವರ್ಷದ ಹುಡುಗನಿಗೆ ಸುಲಭವಲ್ಲ. ಸಾಕು ಎನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯ, ಮಾತನಾಡಲು ಜೊತೆಗೊಬ್ಬರು ಇರಬೇಕು.

ಪತ್ರ ಮನೆಗೆ ಬಂದಾಗ ಏನು ಕೇಳಬೇಕು?

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ಮಗುವಿನ ಶಾಲೆ ಅಥವಾ ಆಸ್ಪತ್ರೆಯಿಂದ ಸಂಶೋಧನೆಯ ಪತ್ರ ಬಂದರೆ ಸಹಿಗೆ ಮುನ್ನ ಇಷ್ಟು ತಿಳಿದುಕೊಳ್ಳಬಹುದು:

* ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಇದೆಯೇ? ಅನುಮಾನ ಬಂದರೆ ಯಾರನ್ನು ಸಂಪರ್ಕಿಸಬೇಕು?

* ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿದೆಯೇ? ಮರಾಠಿಯಲ್ಲೋ ತಮಿಳಿನಲ್ಲೋ ಇದ್ದು ಅಮ್ಮನಿಗೆ ಕನ್ನಡ ಮಾತ್ರ ಬರುತ್ತಿದ್ದರೆ, ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಎಂದು ಕೇಳಬಹುದು. ಅರ್ಥವಾಗದ ಪತ್ರಕ್ಕೆ ಹಾಕಿದ ಸಹಿ ಒಪ್ಪಿಗೆ ಅಲ್ಲ.

* ಮಗುವಿಗೆ ಪ್ರತ್ಯೇಕ ಸಮ್ಮತಿ ಪತ್ರ ಇದೆಯೇ? ಅದನ್ನು ಮಗುವೇ ಓದಿದೆಯೇ?

* ಉತ್ತರಗಳನ್ನು ಶಿಕ್ಷಕರು ನೋಡುತ್ತಾರೆಯೇ? ಹೆಸರು ದಾಖಲಾಗುತ್ತದೆಯೇ?

* ನಡುವೆ ಬಿಟ್ಟುಬಂದರೆ ಅಂಕ, ಹಾಜರಾತಿ, ಚಿಕಿತ್ಸೆಗೆ ತೊಂದರೆ ಆಗುತ್ತದೆಯೇ?

* ಈ ಪ್ರಶ್ನೆಗಳನ್ನು ರೂಪಿಸುವಾಗ ಇದೇ ವಯಸ್ಸಿನ ಮಕ್ಕಳನ್ನು ಕೇಳಿದ್ದಾರೆಯೇ? ಫಲಿತಾಂಶವನ್ನು ಮಕ್ಕಳಿಗೆ ತಿಳಿಸುತ್ತಾರೆಯೇ?

ಕೊನೆಯ ಪ್ರಶ್ನೆಗೆ ಇಂದು ಬಹುತೇಕ ಕಡೆ 'ಇಲ್ಲ' ಎಂಬ ಉತ್ತರವೇ ಸಿಗಬಹುದು. ಆದರೂ ಕೇಳಬೇಕು. ನೂರು ಮನೆಗಳಿಂದ ಅದೇ ಪ್ರಶ್ನೆ ಹೋದರೆ ಮುಂದಿನ ಅಧ್ಯಯನ ಬರೆಯುವವರು ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಬರಬೇಕಾಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಡೈರಿಯಿಂದ ಆ ಪತ್ರ ಹೊರಬಂದಾಗ ಪೆನ್ನು ಹುಡುಕುವ ಮೊದಲು ಅದನ್ನು ಮಗಳ ಕೈಗೆ ಕೊಟ್ಟು, ಇದರಲ್ಲಿ ನಿನಗೆ ಏನು ಅರ್ಥವಾಯಿತು, ಏನು ಇಷ್ಟವಾಗಲಿಲ್ಲ ಎಂದು ಕೇಳುವುದು.